ಒಂದೇ ದರ್ಜೆ, ಬೇರೆ ಕುರ್ಚಿ

ನಮ್ಮ ಬೀದಿಯ ಎಫ್‌ಡಿಎ ಸಾಹೇಬರಿಗೆ ಸಂಬಳದ ಬಗ್ಗೆ ತಕರಾರಿಲ್ಲ. ಏಳನೇ ವೇತನ ಆಯೋಗದ ನಂತರ ಪ್ರಥಮ ದರ್ಜೆ ಸಹಾಯಕರ ಮೂಲ ವೇತನ 44,425 ರೂಪಾಯಿಯಿಂದ ಶುರು. ಬೀದರಿನಲ್ಲೂ ಅಷ್ಟೇ, ಚಾಮರಾಜನಗರದಲ್ಲೂ ಅಷ್ಟೇ. ಅವರ ಸಂಕಟವೇ ಬೇರೆ. ಕೆಪಿಎಸ್‌ಸಿ ಪರೀಕ್ಷೆಯಲ್ಲಿ ಒಂದು ತಪ್ಪುತ್ತರಕ್ಕೆ ಕಾಲು ಅಂಕ ಕಡಿತ. ಆ ಕಾಲು ಅಂಕ ಗೆಳೆಯನನ್ನು ಕಂದಾಯ ಇಲಾಖೆಗೆ ಏರಿಸಿ, ಇವರನ್ನು ಗ್ರಂಥಾಲಯ ಇಲಾಖೆಗೆ ಇಳಿಸಿತೆಂದು ಅವರ ದೃಢ ನಂಬಿಕೆ.

"ಅವನೂ ಗ್ರೂಪ್ ಸಿ, ನಾನೂ ಗ್ರೂಪ್ ಸಿ. ಅವನು ತಾಲ್ಲೂಕು ಕಚೇರಿಗೆ ಬಂದರೆ ಹತ್ತು ಜನ ಎದ್ದು ಕೈ ಮುಗೀತಾರೆ ಕಣ್ರೀ. ನಾನು ಬಂದರೆ ಪೇಪರ್ ಓದೋರು ಚಾಚಿದ ಕಾಲೂ ಮಡಚಲ್ಲ!"

ಹೆಣ್ಣು ನೋಡಲು ಹೋದಾಗಲೂ ಇದೇ ಕಥೆ. ಸರ್ಕಾರಿ ನೌಕರಿ ಎಂದಾಗ ಅರಳಿದ ಭಾವೀ ಮಾವನ ಮುಖ, ಇಲಾಖೆ ಕೇಳಿದ ಮೇಲೆ ಕೊಂಚ ಬಾಡಿತು. "ಪರವಾಗಿಲ್ಲ ಬಿಡಿ, ಪೀಸ್‌ಫುಲ್ ಡಿಪಾರ್ಟ್‌ಮೆಂಟು" ಎಂದರಂತೆ. ಆ ಪೀಸು ಇವರನ್ನು ಇವತ್ತಿಗೂ ಚುಚ್ಚುತ್ತದೆ.

ಅತ್ತ ಗೆಳೆಯನ ಗೋಳು ಕೇಳಬೇಕು. ಪಹಣಿ ತಿದ್ದುಪಡಿ, ಬಗರ್ ಹುಕುಂ, ಮಂತ್ರಿಗಳು ಬಂದರೆ ಪ್ರೋಟೊಕಾಲ್, ರಜೆಯ ದಿನವೂ ಯಾವುದೋ ಜಯಂತಿ. "ನಿಂದು ಪುಣ್ಯದ ಕೆಲಸ ಮಾರಾಯ. ಪುಸ್ತಕ ಯಾವತ್ತಾದ್ರೂ ಸಕಾಲದಲ್ಲಿ ಅರ್ಜಿ ಹಾಕುತ್ತಾ?" ಎನ್ನುತ್ತಾನೆ. ಹಾಗಾದರೆ ಅದಲು ಬದಲು ಮಾಡಿಕೊಳ್ಳಿ ಎಂದರೆ ಇಬ್ಬರಿಗೂ ಒಟ್ಟಿಗೆ ಕೆಮ್ಮು ಬರುತ್ತದೆ. ಸಾಹೇಬರಿಗೆ ಬೇಕಾದದ್ದು ತಾಲ್ಲೂಕು ಕಚೇರಿಯ ನಮಸ್ಕಾರ. ಆದರೆ ಸಂಜೆ ಐದೂವರೆಗೆ ಮನೆ ಸೇರುವ ಗ್ರಂಥಾಲಯದ ಸುಖ ಬಿಟ್ಟುಕೊಡಲು ಮನಸ್ಸಿಲ್ಲ.

ಅವರಿಗೂ ಒಂದು ದಿನ ಬರುತ್ತದೆ, ಚುನಾವಣೆಯ ದಿನ. ಚುನಾವಣಾ ಡ್ಯೂಟಿಯ ಆದೇಶ ಬಂದಾಗ ಅದನ್ನು ರದ್ದು ಮಾಡಿಸಲು ಅದೇ ಗೆಳೆಯನಿಗೆ ಫೋನು ಮಾಡಿದ್ದರು. "ಕಂಪ್ಯೂಟರ್ ಹಾಕಿದ ಡ್ಯೂಟಿ, ನನ್ನ ಕೈಲಿಲ್ಲ" ಎಂದ. ಗೊಣಗುತ್ತಲೇ ಮಸ್ಟರಿಂಗ್ ಕೇಂದ್ರಕ್ಕೆ ಹೋದವರು ಮತಗಟ್ಟೆಯಲ್ಲಿ ಅಧ್ಯಕ್ಷಾಧಿಕಾರಿಯಾಗಿ ಕುಳಿತದ್ದೇ ತಡ, ಬೆನ್ನು ನೆಟ್ಟಗಾಯಿತು. ಬೆಳಗಿನ ಜಾವ ಏಜೆಂಟರ ಮುಂದೆ 50 ಅಣಕು ಮತ ಹಾಕಿಸಿದರು. ಮೊಬೈಲ್ ತಂದವರನ್ನು ಹೊರಗೆ ಕಳಿಸಿದರು. ಪೊಲೀಸಪ್ಪ ಸಲ್ಯೂಟ್ ಹೊಡೆದ. ಊರಿನ ಗೌಡರೂ ಸಾಲಿನಲ್ಲಿ ನಿಂತರು.

ಮತ್ತೆ ಗ್ರಂಥಾಲಯಕ್ಕೆ ಬಂದವರು, ಪತ್ರಿಕೆಗೆ ಕೈ ಚಾಚಿದ ನಿವೃತ್ತ ಮೇಷ್ಟ್ರನ್ನು ತಡೆದು ಗಂಭೀರವಾಗಿ ಕೇಳಿದರು: "ಗುರುತಿನ ಚೀಟಿ ತಂದಿದ್ದೀರಾ?"

ಮೇಷ್ಟ್ರು ತಲೆ ಎತ್ತಲಿಲ್ಲ. "ಮೊದಲು ಆ ಫ್ಯಾನ್ ಹಾಕಪ್ಪ" ಎಂದರು.