ಮೂಗಿಗೆ ಹಸಿರು

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ನೆಂಟರಿಷ್ಟರಲ್ಲಿ ಹೆಸರು. ಕೋಪದ ಸಂಗತಿ ಅವರಿಗೇ ಬಿಟ್ಟಿದ್ದು; ಮೂಗಿನ ತುದಿಯಲ್ಲಿ ಏನೋ ಇದೆ ಎನ್ನುವುದಂತೂ ನಿಜ. ನಲವತ್ತೈದು ದಾಟಿದ ಮೇಲೆ ಅದು ಕೆಂಪಗಾಗತೊಡಗಿತು. ಮೊದಮೊದಲು ಬಿಸಿಲಲ್ಲಿ ತಿರುಗಿ ಬಂದಾಗ ಮಾತ್ರ. ಆಮೇಲೆ ಬಿಸಿ ಕಾಫಿ ಕುಡಿದಾಗಲೂ. ಈಗ ಫಿಲ್ಟರಿನ ಮುಚ್ಚಳ ತೆಗೆದ ಸದ್ದು ಕೇಳಿದರೂ ಸಾಕು, ಕೆಂಪು ಮೂಗಿನಿಂದ ಹೊರಟು ಎರಡೂ ಕೆನ್ನೆಗೆ ಹೋಗಿ ಕೂರುತ್ತದೆ.

ಚರ್ಮದ ಡಾಕ್ಟರು ನೋಡಿ ‘ರೊಸೇಶಿಯಾ’ ಎಂದರು. ಚರ್ಮದಡಿಯ ಸಣ್ಣ ರಕ್ತನಾಳಗಳು ಹಿಗ್ಗುತ್ತವಂತೆ. ಹಚ್ಚಲು ಒಂದು ಮುಲಾಮು ಬರೆದುಕೊಟ್ಟು, ಬಿಸಿಲು, ಖಾರ, ಬಿಸಿಬಿಸಿ ಕಾಫಿ, ಮನಸ್ಸಿನ ಉದ್ವೇಗ, ಇವು ನಾಲ್ಕೂ ಬೇಡ ಎಂದರು. ಇವನ್ನು ಬಿಟ್ಟು ಬೆಂಗಳೂರಿನಲ್ಲಿ ಮಾಡುವುದೇನು ಎಂದು ಯೋಚಿಸುತ್ತಿರುವಾಗಲೇ, ‘ಮದ್ಯಪಾನವನ್ನೂ ನಿಲ್ಲಿಸಿ’ ಎಂದರು. ನಾನು ಕುಡಿಯುವುದಿಲ್ಲ ಎಂದೆ. ಡಾಕ್ಟರು ನನ್ನ ಮೂಗನ್ನು ಇನ್ನೊಮ್ಮೆ ನೋಡಿದರು. ಚೀಟಿಯ ಮೇಲೆ ಅದನ್ನು ಬರೆದೇ ಕೊಟ್ಟರು.

ಆಫೀಸಿನಲ್ಲೂ ಇದೇ ಕಥೆ. ಸೋಮವಾರ ಬೆಳಿಗ್ಗೆ ‘ಏನ್ ಸಾರ್, ನಿನ್ನೆ ಜೋರಾ?’ ಎನ್ನುತ್ತಾರೆ. ನಿನ್ನೆ ನಾನು ಕುಡಿದದ್ದು ಎರಡು ಲೋಟ ತಿಳಿ ಸಾರು. ಹಾಗೆಂದರೆ ಇನ್ನೂ ಜೋರಾಗಿ ನಗುತ್ತಾರೆ.

ತಮ್ಮನ ಮಗಳ ಮದುವೆ ಹತ್ತಿರ ಬಂದಾಗ ನನ್ನ ಮಗಳು ಒಂದು ಪುಟ್ಟ ಟ್ಯೂಬು ತಂದುಕೊಟ್ಟಳು. ಮುಚ್ಚಳ ತಿರುಗಿಸಿದರೆ ಒಳಗೆ ಪಿಸ್ತಾ ಐಸ್‌ಕ್ರೀಮಿನ ಬಣ್ಣ. ‘ಅಪ್ಪಾ, ಇದು ಕರೆಕ್ಟರ್. ಕೆಂಪಿನ ಮೇಲೆ ಹಚ್ಚಬೇಕು.’

‘ಹಸಿರನ್ನಾ?’

‘ಹೂಂ. ಬಣ್ಣದ ಚಕ್ರದಲ್ಲಿ ಕೆಂಪಿಗೆ ಎದುರು ಕೂರೋದು ಹಸಿರು. ಎರಡೂ ಸೇರಿದ್ರೆ ಕೆಂಪು ಸಾಯತ್ತೆ. ಕಣ್ಣಿನ ಕೆಳಗಿನ ಕಪ್ಪಿಗೆ ಕಿತ್ತಳೆ ಬಣ್ಣ ಹಚ್ಚಲ್ವಾ, ಹಾಗೆ.’

ನನಗೆ ಅರ್ಥವಾಗಲಿಲ್ಲ. ಮೂಲೆಯಲ್ಲಿ ಹೂಬತ್ತಿ ಹೊಸೆಯುತ್ತಿದ್ದ ಅಮ್ಮನಿಗೆ ತಟ್ಟನೆ ಅರ್ಥವಾಯಿತು. ‘ಬಟ್ಟೆಗೆ ನೀಲಿ ಹಾಕಿದ ಹಾಗೆ ಅನ್ನು’ ಎಂದಳು.

ಅದೇ ಸರಿ. ಅಪ್ಪನ ಪಂಚೆ ಒಗೆದೊಗೆದು ಹಳದಿಗೆ ತಿರುಗಿದಾಗ ಅಮ್ಮ ಬಕೆಟ್ಟಿನ ನೀರಿಗೆ ನಾಲ್ಕೇ ಹನಿ ನೀಲಿ ಬಿಟ್ಟು, ಕೈಯಾಡಿಸಿ, ಪಂಚೆ ಅದ್ದಿ ತೆಗೆಯುತ್ತಿದ್ದಳು. ಹಳದಿ ಎಲ್ಲಿಗೂ ಹೋಗುತ್ತಿರಲಿಲ್ಲ, ಕಣ್ಣಿಗೆ ಕಾಣುತ್ತಿರಲಿಲ್ಲ ಅಷ್ಟೆ. ಕಲಕುವುದನ್ನು ಮರೆತ ದಿನ ಅಪ್ಪ ಬೆನ್ನ ಮೇಲೆ ಮೋಡ ಹೊತ್ತುಕೊಂಡು ಶಾಲೆಗೆ ಹೋಗುತ್ತಿದ್ದರು. ‘ಜಾಸ್ತಿ ಸುರ್ಕೋಬೇಡ’ ಎಂದು ಅಮ್ಮ ಎಚ್ಚರಿಸಿದಳು.

ಮಗಳು ಕ್ರಮವನ್ನೂ ಹೇಳಿಕೊಟ್ಟಳು. ಮೊದಲು ಸನ್‌ಸ್ಕ್ರೀನ್, ಅದು ಹೀರಿಕೊಳ್ಳುವವರೆಗೆ ಸುಮ್ಮನಿರಬೇಕು. ಆಮೇಲೆ ಸಾಸಿವೆ ಕಾಳಿನಷ್ಟು ಹಸಿರು, ಕೆಂಪಿದ್ದಲ್ಲಿ ಮಾತ್ರ. ಉಜ್ಜಬಾರದು, ಉಂಗುರದ ಬೆರಳಲ್ಲಿ ಮೆಲ್ಲಗೆ ತಟ್ಟಬೇಕು, ಆ ಬೆರಳಿಗೆ ಜೋರು ಕಡಿಮೆ. ಅದರ ಮೇಲೆ ಮೈಬಣ್ಣದ ಕನ್ಸೀಲರ್ ತೆಳ್ಳಗೆ ಒಂದು ಪದರ. ‘ಅದಿಲ್ದಿದ್ರೆ ಹಸಿರು ಹಸಿರಾಗೇ ಕಾಣತ್ತೆ’ ಎಂದು ಎರಡೆರಡು ಸಲ ಹೇಳಿದಳು. ಕಾಸರಗೋಡಿನ ಕಡೆಯವಳಾದ ನನ್ನ ಹೆಂಡತಿ, ‘ಕಥಕ್ಕಳಿಯಲ್ಲಿ ಹಸಿರು ಮುಖ ಅಂದ್ರೆ ಪಚ್ಚೆ ವೇಷ. ನಳ, ಧರ್ಮರಾಯ ಎಲ್ಲಾ ಅದೇ. ಹಚ್ಚಿಕೊಳ್ಳಿ, ಒಂದು ದಿನಕ್ಕಾದ್ರೂ ನಾಯಕ ಆಗಿ’ ಎಂದಳು.

ಮದುವೆಯ ಬೆಳಿಗ್ಗೆ ಇಬ್ಬರೂ ಜಡೆ ಹಾಕಿಸಿಕೊಳ್ಳಲು ಮುಂಚೆಯೇ ಛತ್ರಕ್ಕೆ ಹೋದರು. ಕನ್ನಡಿಯ ಮುಂದೆ ನಾನೊಬ್ಬನೇ. ಸಾಸಿವೆ ಕಾಳು ತೀರಾ ಜುಗ್ಗತನ ಅನ್ನಿಸಿ ಅವರೆಕಾಳಿನಷ್ಟು ತೆಗೆದೆ. ಮೂಗು ಮುಗಿದು ಇನ್ನೂ ಉಳಿದಿತ್ತು. ದುಡ್ಡು ಕೊಟ್ಟ ಮಾಲು ಎಂದು ಕೆನ್ನೆಗೆಲ್ಲ ತಟ್ಟಿದೆ. ಮೈಬಣ್ಣದ ಟ್ಯೂಬು ಕೈಗೆತ್ತಿಕೊಂಡವನು ಕೆಳಗಿಟ್ಟೆ. ಗಂಡಸಿಗೆ ಎರಡೆರಡು ಪದರ ಮೇಕಪ್ಪು ಯಾಕೆ? ಹಸಿರಾದರೆ ಔಷಧ ಅನ್ನಬಹುದು. ಬಚ್ಚಲಿನ ಹಳದಿ ಬಲ್ಬಿನ ಬೆಳಕಿನಲ್ಲಿ ಎಲ್ಲ ಸರಿಯಾಗಿಯೇ ಕಂಡಿತು.

ಮೇ ತಿಂಗಳು. ಮೊದಲ ಪಂಕ್ತಿ. ಬಿಸಿ ಅನ್ನದ ಮೇಲೆ ಬಿಸಿ ಹುಳಿ ಸುರಿದು ಬಡಿಸುವವರು ಮುಂದೆ ಹೋದರು. ನನ್ನ ಮೂಗು ಬೆವರಿತು. ರೂಢಿಯಂತೆ ಶಲ್ಯದ ಅಂಚಿನಿಂದ ಮೂಗಿನ ತುದಿಯನ್ನು ಒತ್ತಿಕೊಂಡೆ. ಬಿಳಿ ಶಲ್ಯದ ಮೇಲೆ ಪುದೀನ ಚಟ್ನಿಯ ಗುರುತು. ಪಕ್ಕದೆಲೆಯವರು ಚಟ್ನಿ ಯಾವಾಗ ಬಡಿಸಿದರು ಎಂದು ತಮ್ಮ ಎಲೆಯಲ್ಲಿ ಹುಡುಕಿದರು.

ತುದಿಯ ಹಸಿರು ಹೋಗಿ ಸುತ್ತಲಿನ ಹಸಿರು ಉಳಿದಿತ್ತು. ಇದೆಂಥ ಅನಾಹುತ ಎಂಬುದು ಆಮೇಲೆ ಓದಿ ತಿಳಿಯಿತು. ಶೆವ್ರಲ್ ಎಂಬ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಪ್ಯಾರಿಸ್ಸಿನ ಒಂದು ಹೆಸರುವಾಸಿ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣಗಾರಿಕೆಯ ಮೇಲ್ವಿಚಾರಕನಾಗಿದ್ದ. ಕಪ್ಪು ನೂಲು ಮಂಕಾಗಿದೆ ಎಂದು ದೂರು ಬಂತು. ನೋಡಿದರೆ ಕಪ್ಪಿನದೇನೂ ತಪ್ಪಿರಲಿಲ್ಲ. ಪಕ್ಕದಲ್ಲಿ ನೇಯ್ದ ಬಣ್ಣ ಅದನ್ನು ಹಾಗೆ ಕಾಣಿಸುತ್ತಿತ್ತು. 1839ರಲ್ಲಿ ಆತ ಇದರ ಮೇಲೆ ದೊಡ್ಡ ಪುಸ್ತಕವನ್ನೇ ಬರೆದ. ಎದುರುಬದುರಿನ ಬಣ್ಣಗಳನ್ನು ಕಲಸಿದರೆ ಒಂದನ್ನೊಂದು ತಿಂದು ಮಂಕಾಗುತ್ತವೆ. ಪಕ್ಕಪಕ್ಕ ಕೂರಿಸಿದರೆ ಒಂದನ್ನೊಂದು ಎತ್ತಿ ತೋರಿಸುತ್ತವೆ. ನಮ್ಮ ಬೀದಿಯ ತರಕಾರಿ ಗಾಡಿಯವನು ಟೊಮ್ಯಾಟೊ ರಾಶಿಯ ಸುತ್ತ ಕೊತ್ತಂಬರಿ ಕಟ್ಟು ಜೋಡಿಸುವುದು ಯಾವ ಪುಸ್ತಕ ಓದಿಯೂ ಅಲ್ಲ. ನನ್ನ ಮುಖದಲ್ಲಿ ಆಗಿದ್ದೂ ಅದೇ ವ್ಯಾಪಾರ. ಜನ್ಮದಲ್ಲಿ ಎಂದೂ ಇಲ್ಲದಷ್ಟು ಕೆಂಪಗೆ ಮೂಗು ಹೊಳೆಯುತ್ತಿತ್ತು.

ಕೈ ತೊಳೆಯುವಲ್ಲಿ ಹೆಂಡತಿ ಸಿಕ್ಕಿದಳು. ಕಥಕ್ಕಳಿಯಲ್ಲಿ ಹಸಿರು ಮುಖದ ಮೇಲೆ ಕೆಂಪು ಬರೆದರೆ ಅದು ಪಚ್ಚೆಯಲ್ಲ, ‘ಕತ್ತಿ’ ವೇಷವಂತೆ. ರಾವಣ, ಕೀಚಕ. ‘ಅಲ್ಲೇ ನಿಲ್ಲಿ, ಹೆಣ್ಣಿನ ಕಡೆಯವರ ಮುಂದೆ ಹೋಗಬೇಡಿ’ ಎಂದಳು. ನಾವೇ ಹೆಣ್ಣಿನ ಕಡೆಯವರು ಎಂದೆ. ‘ಹಾಗಿದ್ರೆ ಯಾರ ಮುಂದೆಯೂ ಹೋಗಬೇಡಿ.’

ಆದರೆ ಗ್ರೂಪ್ ಫೋಟೋ ಅಷ್ಟರಲ್ಲೇ ಮುಗಿದಿತ್ತು. ಎರಡು ತಿಂಗಳಾದ ಮೇಲೆ ಆಲ್ಬಮ್ ಬಂತು. ಮೊದಲ ಸಾಲಿನ ನಡುವೆ ಕೂತಿದ್ದ ನನ್ನ ಮುಖ ನೋಡಿ, ಚಿತ್ರಕ್ಕೇ ಹಸಿರು ಹೊಡೆದಿದೆ ಎಂದು ಫೋಟೋಗ್ರಾಫರು ಕಂಪ್ಯೂಟರಿನಲ್ಲಿ ಅದಕ್ಕೆ ಎದುರಿನ ಗುಲಾಬಿಯನ್ನು ಧಾರಾಳವಾಗಿ ಏರಿಸಿದ್ದರು. ಇಪ್ಪತ್ತೆರಡು ಜನರ ಫೋಟೋ. ಇಪ್ಪತ್ತೊಂದು ಕೆಂಪು ಮೂಗು. ಏಕಾದಶಿಯ ದಿನ ನೀರನ್ನೂ ಮುಟ್ಟದ ದೊಡ್ಡತ್ತೆಯದೂ ಸೇರಿ. ನಡುವೆ ನಾನೊಬ್ಬ, ಹದವಾದ ಗೋಧಿ ಬಣ್ಣದಲ್ಲಿ, ಆ ಸಂಸಾರದಲ್ಲಿ ಕುಡಿಯದೆ ಉಳಿದ ಏಕೈಕ ಮನುಷ್ಯನಂತೆ ಕೈಕಟ್ಟಿ ಕೂತಿದ್ದೆ.