ಎರಡೂವರೆ ಪಿಎಂ

ಸಿಲ್ಕ್‌ ಬೋರ್ಡ್ ಹತ್ತಿರದ ಟೀ ಅಂಗಡಿ ಮುಂದೆ ಸಾಹೇಬ್ರ ಜೀಪು ಬಂದು ನಿಂತಿತು.

‘ಎಂಜಿನ್ ಆಫ್ ಮಾಡಿ ಸಾರ್, ಹೊಗೆಯೆಲ್ಲ ಟೀಗೆ ಬೀಳ್ತೈತೆ’ ಅಂದ ನಿಂಗಣ್ಣ.

‘ಆಫ್ ಮಾಡಿದ್ರೆ ಮತ್ತೆ ಸ್ಟಾರ್ಟ್ ಆಗಲ್ಲಯ್ಯ, ಸರ್ಕಾರಿ ಜೀಪು. ಗಾಳಿ, ಗಲಾಟೆ ಅಳೆಯೋ ಇನ್‌ಸ್ಪೆಕ್ಟರುಗಳು ಕೆಲ್ಸ ಮಾಡ್ತಿದಾರಾ ಅಂತ ನೋಡೋನು ನಾನು.’

‘ಎಲ್ಲವ್ರೆ ಅವ್ರು?’ ಆಟೊ ಸೀನ ಕತ್ತೆತ್ತಿದ.

‘ಒಬ್ರು ಕೆಮ್ಮು ಅಂತ ರಜಾ. ಇನ್ನೊಬ್ರಿಗೆ ಫೋನ್ ಮಾಡ್ದೆ, ಹಾರ್ನ್ ಗದ್ದಲದಲ್ಲಿ ಕೇಳಿಸ್ಲಿಲ್ವಂತೆ.’

‘ಮನೆಗಳಿರೋ ಕಡೆ ಹಗಲು 55, ರಾತ್ರಿ 45 ಡೆಸಿಬೆಲ್ ಅಲ್ವಾ ಸಾರ್? ನಮ್ ಬೀದೀಲಿ ಮಧ್ಯರಾತ್ರಿ ಡಿಜೆ. ದೂರು ಕೊಟ್ರೆ, ಇನ್‌ಸ್ಪೆಕ್ಟರು ಬೆಳಿಗ್ಗೆ ಹತ್ತಕ್ಕೆ ಬಂದು ಅಳೆದ್ರು!’

‘ಸದ್ದು ಇತ್ತಾ?’

‘ಇರ್ಲಿಲ್ಲ.’

‘ನೋಡಿ, ಬಂದ ಕೂಡ್ಲೇ ಸದ್ದಡಗಿಸಿದಾರೆ!’

‘ಆಸ್ಪತ್ರೆ ಸುತ್ತ 100 ಮೀಟರ್ ನಿಶ್ಶಬ್ದ ವಲಯ ಅಂತಾರಲ್ಲ ಸಾರ್?’

‘ಬೋರ್ಡ್ ಹಾಕ್ಸಿದೀವಲ್ಲ.’

‘ಅದನ್ನ ಓದಕ್ಕೆ ಅಂತ ಆಟೊ ನಿಧಾನ ಮಾಡ್ದೆ. ಹಿಂದಿನೋರೆಲ್ಲ ಒಟ್ಟಿಗೇ ಹಾರ್ನ್ ಹೊಡುದ್ರು.’

‘ಗಾಳಿ ಮೀಟರ್ ಎಲ್ಲಿಟ್ಟಿದೀರ?’ ನಿಂಗಣ್ಣ ಟೀ ಸೋಸಿದ.

‘ಪಾರ್ಕಲ್ಲಿ. ಇಲ್ಲಿಟ್ರೆ ಧೂಳು ಹಿಡಿದು ಹಾಳಾಗುತ್ತೆ. ಘನ ಮೀಟರ್ ಗಾಳೀಲಿ ಪಿಎಂ 2.5 ಅನ್ನೋ ಸಣ್ಣ ಧೂಳು ದಿನದ ಸರಾಸರಿ 60 ಮೈಕ್ರೊಗ್ರಾಂ ದಾಟಬಾರ್ದು.’

‘ಒಬ್ರು ಪಿಎಂ ಬಂದ್ರೆ ರಾತ್ರೋರಾತ್ರಿ ರಸ್ತೆ ತೊಳೀತೀರಿ. ಎರಡೂವರೆ ಪಿಎಂ ದಿನಾ ಬಂದ್ರೂ ಒಂದು ಪೊರಕೆ ಬೇಡ್ವಾ?’

ಸಾಹೇಬ್ರು ಕೆಮ್ಮಿದರು. ‘ನಿಯಮ ಕಟ್ಟುನಿಟ್ಟಾಗೇ ಇದೆಯಪ್ಪಾ...’

‘ಹೂಂ, ಗಾಳಿಗೆ ತೂರಿದ್ದೆಲ್ಲ ನಿಯಮಾನೇ. ಅದ್ಕೇ ಇಷ್ಟು ಧೂಳು! ಅಲ್ಲಾ, ನಿಮ್ಮನ್ನ ನೋಡೋರು ಯಾರು ಸಾರ್?’

‘ಮೇಲಿನೋರು. ಎಂಟನೇ ಮಹಡೀಲಿದಾರೆ. ಕಿಟಕಿ ತೆಗೆಯೋ ಹಂಗಿಲ್ಲ ಅಂತ ಆರ್ಡರ್ ಆಗಿದೆ.’

‘ಯಾಕೆ?’

‘ಹೊಗೆ, ಗಲಾಟೆ ಒಳಗೆ ಬರುತ್ತಂತೆ!’