ಉಗ್ರಾಣದಲ್ಲಿ ಬೆಂಗಳೂರು

(ಚೆರ್ಕಳ–ಜಾಲ್ಸೂರು ರಸ್ತೆಯಲ್ಲಿ ಬಂದು ಮುಳ್ಳೇರಿಯ ಪೇಟೆಯಲ್ಲಿ ಬಸ್ಸಿಳಿದು, ಒಳದಾರಿ ಹಿಡಿದರೆ ಸಿಗುವ ಒಂದು ತೋಟದ ಮನೆ. ಏಪ್ರಿಲ್ ಕೊನೆ. ಅಂಗಳದಲ್ಲಿ ಕಾಲಿಡಲು ಜಾಗವಿಲ್ಲದ ಹಾಗೆ ಅಡಿಕೆ. ಉಗ್ರಾಣದ ಒಂದು ಬದಿಗೆ ಗೋಣಿಗಳು, ಇನ್ನೊಂದು ಬದಿಗೆ ಬೆಂಗಳೂರಿನ ಸಾಫ್ಟ್‌ವೇರ್ ಕಂಪೆನಿಯ ಕೆಲಸದಲ್ಲಿರುವ ಮಗಳು, ನಡುವೆ ಟೇಪು ಹಿಡಿದ ಆಚಾರಿ. ಬಾಗಿಲಲ್ಲಿ ಅಪ್ಪ.)

ಅಪ್ಪ: ಮನೆಯಲ್ಲಿ ಮೇಜು ಇಲ್ಲವಾ ಮಗಾ? ಇನ್ನೊಂದು ಎಂತಕ್ಕೆ?

ಮಗಳು: ಎಲ್ಲಿ ಉಂಟಪ್ಪ? ಜಗಲಿಯದ್ದು ನಿಮ್ಮದು. ಅದರ ಮೇಲೆ ಕ್ಯಾಂಪ್ಕೋಗೆ ಅಡಿಕೆ ಕೊಟ್ಟ ಚೀಟಿ, ತೆರಿಗೆ ರಶೀದಿ, ಎಲೆಯಡಿಕೆ ತಟ್ಟೆ. ನನ್ನ ಲ್ಯಾಪ್‌ಟಾಪಿನ ಮೂರು ಅಕ್ಷರಕ್ಕೆ ಸುಣ್ಣ ಹಿಡಿದಿದೆ. ಇನ್ನು ಊಟದ ಮೇಜು...

ಅಮ್ಮ (ಒಳಗಿನಿಂದ): ಆ ಸುದ್ದಿ ಮಾತ್ರ ಬೇಡ. 2020ರಲ್ಲಿ ಕೊರೊನಾ ಅಂತ ಕರ್ನಾಟಕದ ಗಡಿ ರಸ್ತೆಗೆ ಮಣ್ಣು ಸುರಿಯುವ ಮುಂಚಿನ ದಿನ ಬಂದು ಅಲ್ಲಿ ಕೂತವಳು. ಗಡಿಯ ಮಣ್ಣು ತೆಗೆದರು, ಇವಳ ವಯರು ತೆಗೆಯಲಿಲ್ಲ. ನಮಗೆ ಈಗಲೂ ನೆಲದಲ್ಲೇ ಊಟ.

ಅಪ್ಪ: ನನ್ನ ಅಜ್ಜ, ಅಪ್ಪ, ನಾನು, ಎಲ್ಲ ಮನೆಯಿಂದಲೇ ಕೆಲಸ ಮಾಡಿದವರು. ಯಾರಿಗೂ ಆಫೀಸು ಬೇಕಾಗಲಿಲ್ಲ.

ಮಗಳು: ಈ ಮನೆ ಪೂರ್ತಿ ನಿಮ್ಮ ಆಫೀಸೇ ಅಲ್ವಾ! ಅಂಗಳ, ಅಟ್ಟ, ಉಗ್ರಾಣ, ಎಲ್ಲ ಅಡಿಕೆಗೆ ಕೊಟ್ಟು ಉಳಿದದ್ದರಲ್ಲಿ ನಾವು ಮಲಗುವುದು. ನೀವು ಗೋಣಿ ಹೊಲಿಯುವಾಗ ಯಾರಾದರೂ ಬಂದು “ಸುಮ್ಮನೆ ಕೂತಿದ್ದೀರಲ್ಲ, ಸ್ವಲ್ಪ ತೆಂಗಿನಕಾಯಿ ತುರಿದು ಕೊಡಿ” ಅಂತಾರಾ? ನನಗೆ ಅಂತಾರೆ.

ಅಮ್ಮ: ಒಂದೇ ಗಡಿ ಕಾಯಿ ಹೇಳಿದ್ದು ನಾನು.

ಆಚಾರಿ: ಅಳತೆ ಹೇಳಿ ಅಕ್ಕ. ನಮ್ಮ ಮಾಮೂಲಿ ಮೇಜು 30 ಇಂಚು.

ಮಗಳು: ಅದೇ ಆಗುವುದಿಲ್ಲ ಆಚಾರ್ರೇ. 30 ಇಂಚಿನ ಮೇಲೆ ಕೈಯಿಟ್ಟು ಕುಟ್ಟಿದರೆ ಹೆಗಲು ಕಿವಿಗೆ ಬರ್ತದೆ. ಪಾದ ನೆಲಕ್ಕೆ ಊರಬೇಕು. ಮೊಣಕೈ ಮಡಚಿದರೆ ಎಲ್ಲಿ ಬರ್ತದೋ ಅಲ್ಲಿಗೆ ಹಲಗೆ.

ಆಚಾರಿ: ಹಾಗೆ ಹೇಳಿ. ಕೂತ್ಕೊಳ್ಳಿ. ಅಷ್ಟು ನೆಟ್ಟಗೆ ಬೇಡ. ಅಳತೆಗೆ ಕೂರಿ ಅಂದರೆ ಎಲ್ಲರೂ ಮದುವೆ ಫೋಟೋಕ್ಕೆ ಕೂತ ಹಾಗೆ ಕೂರ್ತಾರೆ. ದಿನಾ ಹೇಗೆ ಕೂರ್ತೀರೋ ಹಾಗೆ. (ಮೊಣಕೈಯಿಂದ ನೆಲಕ್ಕೆ ಟೇಪು ಇಳಿಬಿಟ್ಟು, ತುದಿಯನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದು, ಕಿವಿಯ ಸಂದಿನ ಪೆನ್ಸಿಲು ತೆಗೆದು ಅಂಗೈಯಲ್ಲಿ ಬರೆದುಕೊಳ್ಳುತ್ತಾನೆ.) 26. ಹಲಸಿನ ಹಲಗೆ ಹಾಕುವ. ಕಾಲಲ್ಲಿ ನಾಲ್ಕಿಂಚು ಮರ ಉಳಿಯಿತು ಭಟ್ರೇ.

ಅಪ್ಪ: ಹಾಗಾದರೆ ಮಜೂರಿಯೂ ಅಷ್ಟು ಕಮ್ಮಿ ಆಗಬೇಕಲ್ಲ.

ಆಚಾರಿ: ಮಜೂರಿ ಮೇಜಿನ ಕಾಲಿಗಲ್ಲ ಭಟ್ರೇ, ನನ್ನ ಕೈಗೆ.

ಮಗಳು: ಪರದೆಯ ಮೇಲಂಚು ಕಣ್ಣಿನ ನೇರಕ್ಕೆ ಬರಬೇಕು, ಇಲ್ಲದಿದ್ದರೆ ಸಂಜೆಗೆ ಕುತ್ತಿಗೆ ತಿರುಗುವುದಿಲ್ಲ. ಅದಕ್ಕೆ ಕೀಬೋರ್ಡು ಬೇರೆ ತರಿಸಿದ್ದೇನೆ. ಲ್ಯಾಪ್‌ಟಾಪ್ ಸದ್ಯಕ್ಕೆ ಈ ಕಟ್ಟಿನ ಮೇಲೆ.

ಅಪ್ಪ (ಗಾಬರಿಯಿಂದ): ಅಯ್ಯೋ, ಅದು ಅಡಿಕೆ ಪತ್ರಿಕೆ! ಪುತ್ತೂರಲ್ಲಿ 1988ರಲ್ಲಿ ಶುರುವಾದಂದಿನಿಂದ ಒಂದು ಸಂಚಿಕೆ ಬಿಡದೆ ಕಟ್ಟಿ ಇಟ್ಟದ್ದು!

ಮಗಳು: ಅದಕ್ಕೇ ಅಲುಗುವುದಿಲ್ಲ.

ಅಪ್ಪ: ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದಿನ ಲೆಕ್ಕ ನೋಡಲಿಕ್ಕೆ ನಾನು ನಿನ್ನ ಆಫೀಸು ಬಿಚ್ಚಬೇಕಾ?

ಮಗಳು: 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ.

ಅಪ್ಪ (ಮೆತ್ತಗಾಗಿ): ಓದಿದ್ದಿ ಹಾಗಾದರೆ.

ಮಗಳು: ಓದಿದ್ದಲ್ಲ. ನಾನು ಮೀಟಿಂಗಿನಲ್ಲಿರುವಾಗ ನೀವು ಕಿಟಕಿಯ ಹೊರಗೆ ನಿಂತು ಮದ್ದು ಬಿಡುವವರಿಗೆ ಕೂಗಿ ಹೇಳಿದ್ದು. ನಮ್ಮ ಟೀಮಿನ ಹನ್ನೊಂದು ಜನಕ್ಕೂ ಬಾಯಿಪಾಠ.

ಆಚಾರಿ: ಮೇಜು ಕಿಟಕಿಯ ಎದುರಿಗಲ್ವಾ?

ಮಗಳು: ಬೇಡ. ಎದುರಿನ ಬೆಳಕು ಕಣ್ಣಿಗೆ ಕುಕ್ಕುತ್ತದೆ, ಬೆನ್ನಿಗಾದರೆ ಮೀಟಿಂಗಿನಲ್ಲಿ ಮುಖ ಕಾಣುವುದಿಲ್ಲ. ಕಿಟಕಿ ಬದಿಗಿರಲಿ.

ಅಪ್ಪ: ಬದಿಗಿಟ್ಟರೆ ಮುಖ ಪೂರ್ವಕ್ಕೆ ಬಂತು. ವಾಸ್ತುವಿಗೂ ಸರಿ. (ಬೆಳಿಗ್ಗೆಯಿಂದ ಒಪ್ಪಿದ ಒಂದೇ ವಿಷಯ.)

ಮಗಳು: 20 ನಿಮಿಷಕ್ಕೊಮ್ಮೆ 20 ಅಡಿ ದೂರದ್ದನ್ನು 20 ಸೆಕೆಂಡು ನೋಡಬೇಕಂತೆ, ಕಣ್ಣಿಗೆ ಒಳ್ಳೆಯದು.

ಅಪ್ಪ: ಬಹಳ ಒಳ್ಳೆಯದು. 20 ಅಡಿಯಲ್ಲಿ ಬಾಳೆಗೊನೆ ಉಂಟು. ನೋಡುವಾಗ ಮಂಗ ಕಂಡರೆ ಓಡಿಸಿಬಿಡು.

ಅಮ್ಮ: ಕರೆಂಟು ಹೋದರೆ? ಸಿಡಿಲು ಬಂದರೆ? ತುಲಾ ತಿಂಗಳ ಸಿಡಿಲಿಗೆ ಹಳೇ ಫೋನು ಗೋಡೆಯಿಂದ ಹಾರಿದ್ದು ನೆನಪಿಲ್ಲವಾ?

ಮಗಳು: ಅದು ತಾಮ್ರದ ತಂತಿ ಅಮ್ಮ. ಈಗಿನದ್ದು ಗಾಜಿನ ಎಳೆ, ಅದರಲ್ಲಿ ಕರೆಂಟು ಹರಿಯುವುದಿಲ್ಲ. ಆದರೆ ರೂಟರಿನ ಪ್ಲಗ್ಗು ಗೋಡೆಯಲ್ಲೇ ಅಲ್ವಾ? ಗುಡುಗು ಕೇಳಿದ ಕೂಡಲೇ ಅದನ್ನು ಕೀಳಬೇಕು. 12 ವೋಲ್ಟಿನ ಸಣ್ಣ ಬ್ಯಾಟರಿ ಇಟ್ಟರೆ ಕಿತ್ತ ಮೇಲೂ ಸ್ವಲ್ಪ ಹೊತ್ತು ನಡೀತದೆ.

ಅಪ್ಪ: ಆ ಎಳೆಗೆ ಸಿಡಿಲು ಯಾಕೆ, ಸೋಗೆ ಸಾಕು. ಕಳೆದ ತಿಂಗಳು ಬಿದ್ದದ್ದು ಒಂದೇ ಸೋಗೆ, ಬೆಂಗಳೂರು ಮೂರು ದಿನ ಬಂದ್.

ಮಗಳು (ಗಡಿಯಾರ ನೋಡಿ): ನಾಲ್ಕಕ್ಕೆ ಮೀಟಿಂಗು. ಈಗಲೇ ಕ್ಯಾಮೆರಾ ಹಾಕಿ ನೋಡ್ತೇನೆ, ಹಿಂದೆ ಗೋಣಿ ಕಾಣ್ತದಾ ಅಂತ.

(ಕ್ಯಾಮೆರಾ ಹೊತ್ತುತ್ತದೆ. ಅದೇ ಹೊತ್ತಿಗೆ ಪಟಪಟ ನಾಲ್ಕು ಹನಿ.)

ಅಪ್ಪ: ಅಡಿಕೆ! ಮೂವತ್ತೈದು ಬಿಸಿಲು ಕಂಡ ಅಡಿಕೆ! ನೀರು ಬಿದ್ದರೆ ಬೂಸು, ಬೂಸು ಬಂದರೆ ರೇಟಿಲ್ಲ! ಓಡಿ!

(ಮಗಳು, ಅಮ್ಮ, ಅಪ್ಪ ಅಂಗಳಕ್ಕೆ. ಆಚಾರಿ ಟೇಪು ಸುತ್ತುತ್ತಾ, ಕುರ್ಚಿಯ ಎತ್ತರ ನೋಡಲೆಂದು ಕೂರುತ್ತಾನೆ.)

ಮ್ಯಾನೇಜರ್ (ಪರದೆಯಿಂದ): ಹಲೋ? ನೀವು ಯಾರು ಸರ್?

ಆಚಾರಿ: ಆಚಾರಿ.

ಮ್ಯಾನೇಜರ್: ಹೊಸದಾಗಿ ಸೇರಿದ್ರಾ?

ಆಚಾರಿ: ಬೆಳಿಗ್ಗೆ.

ಮ್ಯಾನೇಜರ್: ಓ, ಸರಿ. ಕೆಲಸ ಎಲ್ಲಿಗೆ ಬಂತು?

ಆಚಾರಿ: ಅಳತೆ ಆಗಿದೆ. ನಾಳೆ ಮರ ಕೊಯ್ಯುವುದು. ಶುಕ್ರವಾರ ನಿಲ್ತದೆ.

ಮ್ಯಾನೇಜರ್: ಶುಕ್ರವಾರ ಅಂದ್ರೆ ಶುಕ್ರವಾರಾನೇ? ಈ ಟೀಮಲ್ಲಿ ಇಷ್ಟು ಸ್ಪಷ್ಟವಾಗಿ ಯಾರೂ ನಂಗೆ ಹೇಳಿಲ್ಲ.

ಆಚಾರಿ: ಒಂದು ಮಾತು ಹೇಳ್ತೇನೆ, ಬೇಸರ ಬೇಡ. ನಿಮ್ಮ ಮೇಜು ಎತ್ತರ. ಹೆಗಲು ಕಿವಿಗೆ ಬಂದಿದೆ.

ಮ್ಯಾನೇಜರ್ (ಹೆಗಲು ಇಳಿಸಿ): ಹೌದಾ? ಅದಕ್ಕೇನಾ ಸಂಜೆ ಆದ್ರೆ ಕತ್ತು ಹಿಡ್ಕೊಳ್ಳೋದು?

ಆಚಾರಿ: ಮತ್ತೆ! ಮನೆಯಲ್ಲಿ ಟೇಪು ಉಂಟಾ? ಕಾಲು ನೆಲಕ್ಕಿಡಿ. ಮೊಣಕೈ ಮಡಚಿ. ನೆಟ್ಟಗೆ ಕೂರಬೇಡಿ ಮಾರಾಯ್ರೇ...

ಅಪ್ಪ (ಅಂಗಳದಿಂದ): ಆಚಾರ್ರೇ! ಟರ್ಪಾಲಿನ ಆ ತುದಿ ಹಿಡೀರಿ, ಬೇಗ!

ಆಚಾರಿ: ಬರ್ಲಿಕ್ಕಾಗುವುದಿಲ್ಲ ಭಟ್ರೇ, ಮೀಟಿಂಗಿನಲ್ಲಿದ್ದೇನೆ!